ಕೆಳಗ ಬ್ಯಾಡ

ಯಮುನಾಬಾಯಿ ಗೋಡೆಗೆ ಹೊಂದಿಸಿ ಹಾಸಿದ್ದ ಕಂಬಳಿಯನ್ನು ಸೂಗಮ್ಮ ಒಂದು ಕಡೆಯಿಂದ ಸುತ್ತಿಕೊಂಡು ಬಂದಳು.

"ಅಯ್ಯ, ಏನ್ ಮಾಡಾಕತ್ತೀರಿ ಸೂಗಮ್ಮಾರ?" ಯಮುನಾಬಾಯಿ ಕಂಬಳಿಯ ಇನ್ನೊಂದು ತುದಿ ಮೆಟ್ಟಿ ನಿಂತಳು. "ಗಾಡಿ ರೈಲ್ವೆ ಗೇಟ್ ದಾಟಿತಂತ, ಈಗ ಫೋನ್ ಬಂತು."

"ಕಾಲು ತಗೀರಿ."

"ಮತ್ತ ಎಲ್ಲಿ ಕೂಡಸೋದು?"

"ಕುರ್ಚಿ ಮ್ಯಾಲ."

ಯಮುನಾಬಾಯಿ ಸುತ್ತ ನಿಂತ ಹೆಂಗಸರ ಮುಖ ನೋಡಿದಳು. ಲಿಂಗಸೂಗೂರಿನಿಂದ ಬಸ್ಸಿನಲ್ಲಿ ಬಂದಿದ್ದ ಅವರೆಲ್ಲರ ಕಣ್ಣು ಕೆಂಪಾಗಿದ್ದವು. ಅತ್ತದ್ದಕ್ಕೋ ನಿದ್ದೆಗೆಟ್ಟಿದ್ದಕ್ಕೋ ಹೇಳುವಂತಿರಲಿಲ್ಲ. ಸೂಗಮ್ಮನ ಕಣ್ಣು ಮಾತ್ರ ಬೆಳ್ಳಗಿದ್ದವು. ಅವಳು ಕಂಬಳಿಯ ಸುರುಳಿಯನ್ನು ಎತ್ತಿ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿ, ಒಲೆಯ ಮೇಲಿಟ್ಟ ನೀರು ಕಾಯಿತೇ ಎಂದು ನೋಡಲು ಹೋದಳು.

ಸತ್ತವರನ್ನು ಮಲಗಿಸುವುದು ಅವರಲ್ಲಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಚಕ್ಕಳಮಕ್ಕಳ ಹಾಕಿ ಕೂಡಿಸುತ್ತಾರೆ. ಎಡಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ಕೂತಹಾಗೆಯೇ ಹೊರುತ್ತಾರೆ, ಕೂತಹಾಗೆಯೇ ಮಣ್ಣು ಕೊಡುತ್ತಾರೆ. ಸೂಗಮ್ಮನ ಗಂಡನನ್ನೂ ಹಾಗೆಯೇ ಕಳಿಸಿದ್ದರು. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಮಗಳು ಸ್ನೇಹಲತಾ ನೆಲದ ಮೇಲೆ ಕೂತು ಹನ್ನೊಂದು ವರ್ಷವಾಗಿತ್ತು.

ಹೈದರಾಬಾದಿನ ಮಲ್ಕಾಜ್‌ಗಿರಿಯ ಆ ಬಾಡಿಗೆ ಮನೆಯಲ್ಲಿ ಕೂರುವ, ಮಲಗುವ ಯಾವ ಜಾಗವೂ ತಗ್ಗಿನಲ್ಲಿರಲಿಲ್ಲ. ಮಂಚದ ನಾಲ್ಕು ಕಾಲಿಗೂ ಇಟ್ಟಿಗೆ. ಕುರ್ಚಿಯ ಮೇಲೆ ಹಲಗೆ, ಹಲಗೆಯ ಮೇಲೆ ದಿಂಬು. ದೇವರ ಮಾಡ ಕೂಡ ನಿಂತು ಪೂಜೆ ಮಾಡುವಷ್ಟು ಎತ್ತರಕ್ಕೆ. ಕಾಯಬೇಕಾದ ಮೈಯೇ ತನ್ನ ಸ್ನಾಯುಗಳನ್ನು ಹಗೆ ಎಂದು ತಿಳಿದು ತಿನ್ನತೊಡಗುವ ರೋಗ ಅದು. ತೊಡೆ, ಸೊಂಟ, ಹೆಗಲು, ಮೊದಲು ಅಲ್ಲಿಯ ಬಲ ಹೋಗುತ್ತದೆ. ನಿಲ್ಲಬಹುದು, ಮೆಲ್ಲಗೆ ನಡೆಯಬಹುದು. ಕೆಳಗೆ ಕೂತರೆ ಏಳಲಾಗುವುದಿಲ್ಲ. ಹನ್ನೊಂದು ವರ್ಷ ಸೂಗಮ್ಮ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಮಗಳು ನೆಲಕ್ಕೆ ಕೂಡದ ಹಾಗೆ ನೋಡಿಕೊಂಡದ್ದು.

ಗಾಡಿ ಬಂತು. ಹಿಂದಿನ ದಿನ ಸಂಜೆ ಆರಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡವಳನ್ನು, ಊರಿನವರು ಬರಲಿ ಎಂದು ತಂಪುಪೆಟ್ಟಿಗೆಯಲ್ಲಿ ಇಟ್ಟಿದ್ದರು. ಗಂಡ ಶರಣಕುಮಾರ, ಅವನ ಅಣ್ಣ, ಯಮುನಾಬಾಯಿಯ ಗಂಡ ಅಮರೇಶಪ್ಪ, ಇನ್ನಿಬ್ಬರು ಸೇರಿ ಇಳಿಸಿ ಮಂಚದ ಮೇಲೆ ಮಲಗಿಸಿದರು. ಬಿಳಿ ಬಟ್ಟೆಯ ತಣ್ಣನೆಯ ಹಬೆ ಒಂದು ಗಳಿಗೆ ಮೇಲೆದ್ದು ಹೋಯಿತು. ಹದಿನೇಳರ ಮೊಮ್ಮಗಳು ಶೀತಲ ತಾಯಿಯ ಕಾಲ ಬಳಿ ನಿಂತಳು. ಸೂಗಮ್ಮ ಅವಳನ್ನು ಎಳೆದುಕೊಳ್ಳಲಿಲ್ಲ, ಮಾತಾಡಿಸಲೂ ಇಲ್ಲ. ಬಕೆಟ್ಟಿಗೆ ಬಿಸಿನೀರು ಹೊಯ್ದು ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದಳು.

"ಭಾಳ ಶೆಟದೈತಿ," ಎಂದ ಅಮರೇಶಪ್ಪ, ಸ್ನೇಹಲತಾಳ ಮೊಣಕಾಲ ಮೇಲೆ ಕೈಯಿಟ್ಟು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಮುಂದೆ ನಿಂತು ನಡೆಸುವವನು ಅವನೇ. "ಬಿಸಿ ಅರಬಿ ಹಾಕಿ ತಿಕ್ಕಿದ್ರ ಸಡ್ಲ ಆಗ್ತಾವ. ನಮ್ಮಪ್ಪಗೂ ಹಂಗ ಮಾಡಿದ್ವಿ. ಆಮ್ಯಾಲ ಇಬ್ರು ಹಿಡಕೊಂಡು ಮಡಚಿದ್ರಾತು."

"ಆಕಿ ಮಣಕಾಲು ಅರ್ಧಕ್ಕಿಂತ ಹೆಚ್ಚಿಗಿ ಮಡಚಂಗಿಲ್ರಿ," ಎಂದಳು ಸೂಗಮ್ಮ. "ಬದುಕಿದ್ದಾಗನ ಮಡಚ್ತಿದ್ದಿಲ್ಲ. ದಿನಾ ಮುಂಜಾನೆ ನಾನ ಕಾಲು ಆಡಸ್ತಿದ್ದೆ, ನನಗ ಗೊತ್ತೈತಿ. ಗುಳಿಗಿ ತಿಂದು ತಿಂದು ಎಲುಬು ಹಪ್ಪಳ ಆಗ್ಯಾವ. ಜೋರು ಮಾಡಿದ್ರ ಮುರೀತಾವ."

"ಹೋದ ಮ್ಯಾಲ ಎಲುಬಿಂದೇನ್ರಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೆಮ್ಮಿ, ತಮ್ಮನ ಕಡೆ ತಿರುಗಿದ. "ಏನಪಾ, ನೀ ಏನಂತಿ?"

ಶರಣಕುಮಾರ ಸುಲ್ತಾನ್ ಬಜಾರಿನ ಸೀರೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಗಿರಾಕಿಗಳು ಬೇಡವೆಂದ ಸೀರೆಗಳನ್ನು ಮಡಚಿಡುತ್ತ ಬಂದವನು. ಎದುರು ಮಾತಾಡಿ ರೂಢಿಯಿಲ್ಲ. ಹೆಂಡತಿಯ ಮುಖ ನೋಡಿದ, ಅತ್ತೆಯನ್ನು ನೋಡಿದ. "ನೀ ಹೇಳಿದಂಗ ಅಣ್ಣ," ಎಂದ.

"ಅಯ್ಯನೋರು ಬರ್ಲಿ, ಅವರನ್ನ ಕೇಳೂಣು," ಎಂದು ಅಮರೇಶಪ್ಪ ಹೊರಗೆ ಶಾಮಿಯಾನದ ಕೆಳಗೆ ಹೋಗಿ ಕೂತ. "ಅಲ್ಲೀಮಟ ಜಳಕ ಮುಗಸ್ರಿ."

*

ಹನ್ನೊಂದು ವರ್ಷದ ಹಿಂದೆ, ಅಮರೇಶಪ್ಪನ ಮಗನ ಮದುವೆಯ ಊಟ. ಲಿಂಗಸೂಗೂರಿನಲ್ಲಿ, ಮನೆ ಮುಂದಿನ ಚಪ್ಪರದಲ್ಲಿ ಪಂಗತಿ ಕೂತಿತ್ತು. ಸ್ನೇಹಲತಾ ಆಗ ಮೂವತ್ತರವಳು, ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ನೌಕರಿ. ಊರಿಗೆ ಬಂದರೆ ಬಾಯಿ ತುಂಬ ಮಾತು, ಕೈ ತುಂಬ ಬಳೆ. ಹೋಳಿಗೆ ಉಂಡಳು, ಅನ್ನ ಉಂಡಳು, ಮಜ್ಜಿಗೆ ಕುಡಿದಳು. ಪಂಗತಿ ಎದ್ದಿತು. ಸ್ನೇಹಲತಾ ಏಳಲಿಲ್ಲ.

"ಇನ್ನೊಂದು ಹೋಳಿಗಿ ಹಾಕ್ರಿ," ಎಂದಳು ಬಡಿಸುವವನಿಗೆ, ನಗುತ್ತ.

ಅತ್ತಿತ್ತಲಿನ ಎಲೆ ತೆಗೆದರು, ಸಗಣಿನೀರು ಚಿಮುಕಿಸಿ ಒರೆಸಿದರು. ಎರಡನೆಯ ಪಂಗತಿಯವರು ಬಂದು ಅವಳ ಎಡಬಲ ಕೂತರು. ಅವರೊಂದಿಗೆ ಅವಳು ಮತ್ತೆ ಉಂಡಳು. ಪಲ್ಯ, ಕೋಸಂಬರಿ, ಅನ್ನ. ತುಪ್ಪ ಬಡಿಸುತ್ತಿದ್ದ ಸೂಗಮ್ಮ ಮಿಳ್ಳೆ ಹಿಡಿದು ಎದುರಿಗೆ ಬಂದಾಗ ನೋಡಿದಳು. ಮಗಳ ಬಾಯಿ ನಗುತ್ತಿತ್ತು. ಹಣೆಯ ಮೇಲೆ ಬೆವರು.

"ನೋಡ್ರವಾ, ಹೈದರಾಬಾದಿನಾಕಿ ಎರಡು ಪಂಗತಿ ಉಂಡ್ಲು!" ಎಂದು ಯಮುನಾಬಾಯಿ ಕೂಗಿದಳು. ಚಪ್ಪರವೆಲ್ಲ ನಕ್ಕಿತು. "ಅಲ್ಲಿ ನಿನಗ ಊಟ ಹಾಕಂಗಿಲ್ಲೇನವಾ ನಮ್ಮ ಮೈದುನ?"

"ನಿಮ್ಮ ಕೈ ರುಚಿ ಅಕ್ಕಾ," ಎಂದಳು ಸ್ನೇಹಲತಾ.

ಎರಡನೆಯ ಪಂಗತಿಯೂ ಎದ್ದ ಮೇಲೆ ಸೂಗಮ್ಮ ಜಡೆ ಸರಿಮಾಡುವವಳಂತೆ ಮಗಳ ಹಿಂದೆ ಕುಕ್ಕರಗಾಲಲ್ಲಿ ಕೂತಳು.

"ಏನಾಗೈತಿ?"

"ಅವ್ವಾ, ಏಳಾಕ ಬರವಲ್ದು." ಕಳ್ಳತನ ಒಪ್ಪಿಕೊಂಡ ಹಾಗೆ ಪಿಸುಗುಟ್ಟಿದಳು. "ತೊಡಿ ನನ್ನವು ಅಲ್ಲ ಅನಸಾಕತ್ತಾವ. ಯಾರಿಗೂ ಹೇಳಬ್ಯಾಡ."

ಸೂಗಮ್ಮ ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿದಳು. ಮೂವತ್ತು ವರ್ಷದ ಮಗಳು, ಹೆಜ್ಜೆ ಕಲಿಯುವ ಕೂಸಿನಂತೆ ಅವಳ ಎದೆಗೆ ಒರಗಿ ಎದ್ದು ನಿಂತಳು. ಆಮೇಲೆ ಬೀಗರ ಮನೆಗಳಲ್ಲೆಲ್ಲ ಅವಳಿಗೆ 'ಎರಡು ಪಂಗತಿ' ಎಂದೇ ಹೆಸರಾಯಿತು.

*

ಜಳಕದ ಕುರ್ಚಿ ಪ್ಲಾಸ್ಟಿಕ್ಕಿನದು. ಅದರ ಕಾಲಿಗೂ ಶರಣಕುಮಾರ ಕೊಳವೆಯ ತುಂಡು ಸಿಕ್ಕಿಸಿ ಎತ್ತರ ಮಾಡಿಸಿದ್ದ. ಮೊದಲು ಮಂಚದ ಮೇಲೆಯೇ ಬಿಸಿ ಬಟ್ಟೆ ಸುತ್ತಿ ಸೊಂಟ, ಮೊಣಕಾಲು ಸಡಿಲಿಸಿದರು. ಸೂಗಮ್ಮ ಬೇರೆಯವರ ಕೈಗೆ ಕೊಡಲಿಲ್ಲ. ಒಂದು ಕೈ ಹಿಮ್ಮಡಿಯ ಕೆಳಗೆ, ಒಂದು ಕೈ ಮೊಣಕಾಲ ಮೇಲೆ, ದಿನವೂ ಮಾಡುತ್ತಿದ್ದಂತೆಯೇ, ಒತ್ತಿ ಬಿಟ್ಟು ಒತ್ತಿ ಬಿಟ್ಟು. ಕುರ್ಚಿಯಲ್ಲಿ ಕೂಡುವಷ್ಟು ಬಗ್ಗಿದ ಮೇಲೆ ಕೈ ತೆಗೆದಳು.

"ರಟ್ಟಿ ಹಿಡದು ಎಳೀಬ್ಯಾಡ್ರಿ. ಸೊಂಟದಾಗ ಹಿಡೀರಿ," ಎಂದಳು ಎತ್ತಲು ಬಂದ ಹೆಂಗಸರಿಗೆ.

ಯಮುನಾಬಾಯಿ ತಂಬಿಗೆಯಿಂದ ನೀರು ಹೊಯ್ದಳು. ತೆಳುವಾದ ಚರ್ಮದಡಿ ಅಲ್ಲಲ್ಲಿ ನೇರಳೆ ಕಲೆ. ಸೂಜಿ ಚುಚ್ಚಿದಲ್ಲಿ, ಬಳೆ ತಾಗಿದಲ್ಲಿ, ಬರೀ ಬೆರಳು ತಾಗಿದಲ್ಲಿ ಕೂಡ. ಮುಖ ಮಾತ್ರ ತುಂಬಿಕೊಂಡು ಗುಂಡಗಿತ್ತು.

"ಮುಖ ನೋಡಿದ್ರ ಬ್ಯಾನಿ ಇದ್ದಾಕಿ ಅನಸಂಗಿಲ್ಲ," ಎಂದಳು ಒಬ್ಬಳು. "ಹೆಂಗ ತುಂಬಕೊಂಡೈತಿ."

"ಅದು ಗುಳಿಗಿ ಬಾವು ರೀ," ಎಂದಳು ಶೀತಲ. ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು. "ನಮ್ಮ ಮಮ್ಮಿ ಮುಖ ಅಲ್ಲ ಅದು."

ಯಮುನಾಬಾಯಿ ತಂಬಿಗೆ ಕೆಳಗಿಟ್ಟಳು. ದನಿ ತಗ್ಗಿಸಿ, "ಸೂಗಮ್ಮಾರ, ಸಿಟ್ಟಾಗಬ್ಯಾಡ್ರಿ," ಎಂದಳು. "ನಾಳೆ ಊರಾಗ ನಾಕು ಮಂದಿ ಮಾತಾಡ್ತಾರ. ಕುರ್ಚಿ ಮ್ಯಾಲ ಕೂಡಸಿ ಒಯ್ದ್ರು, ರೀತಿ ಬಿಟ್ಟ್ರು ಅಂತಾರ. ಹಟ ಯಾಕ?"

"ಹಟ ಅಲ್ಲ. ಆಕೀನ ಹೇಳ್ಯಾಳ."

"ಯಾವಾಗ?"

"ನಿನ್ನೆ, ದವಾಖಾನ್ಯಾಗ. 'ಅವ್ವಾ, ಕೆಳಗ ಬ್ಯಾಡ' ಅಂದ್ಲು."

ಯಮುನಾಬಾಯಿ ಸ್ನೇಹಲತಾಳ ಒದ್ದೆ ಕೂದಲನ್ನು ಹಿಂಡಿದಳು. ಆಮೇಲೆ, "ನೀವು ಖರೇನ ಅದನ್ನ ಕೇಳಿದ್ರೇನು?" ಎಂದಳು. "ಒಪ್ಪೊತ್ತಿನಂಗ ಆಗಬಾರದು ನೋಡ್ರಿ. ಅದಕ್ಕಂದೆ."

ಸೂಗಮ್ಮ ಟವೆಲ್ ಮಡಚಿ, ಮತ್ತೆ ಬಿಚ್ಚಿ, ಮಗಳ ಕತ್ತು ಒರೆಸಿದಳು.

*

ಒಂದು ತಿಂಗಳಿಗೆಂದು ಹೈದರಾಬಾದಿಗೆ ಬಂದಿದ್ದ ಸೂಗಮ್ಮ ಹಿಂತಿರುಗಿ ಹೋಗಲಿಲ್ಲ. ರೋಗದ ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ. ಗುಳಿಗೆಯ ಹೆಸರು ಹೊರಳಿತು. ಸ್ಟೆರಾಯ್ಡ್. ಮುಂಜಾನೆ ತಿಂಡಿಯಾದ ಮೇಲೆ ನಾಲ್ಕು, ಮಧ್ಯಾಹ್ನ ಊಟವಾದ ಮೇಲೆ ಎರಡು. ಖಾಲಿ ಹೊಟ್ಟೆಯಲ್ಲಿ ಕೂಡದು. ಒಂದು ತಿಂಗಳಲ್ಲಿ ಸ್ನೇಹಲತಾ ಕೈ ಮೇಲೆತ್ತಿ ತನ್ನ ಜಡೆ ತಾನೇ ಹಾಕಿಕೊಂಡಳು. ಅಂದು ಸೂಗಮ್ಮ ಕನ್ನಡಿಯ ಹಿಂದೆ ನಿಂತು ನೋಡಿದಳು, ಮೂರು ಕಾಲಿನ ಜಡೆ ಕೊನೆತನಕ ಹೆಣೆಯುವವರೆಗೂ.

ಆದರೆ ಗುಳಿಗೆ ಕೊಟ್ಟಂತೆಯೇ ಕಿತ್ತುಕೊಳ್ಳುತ್ತಲೂ ಇತ್ತು. ಮುಖ ಉಬ್ಬಿತು, ಸಕ್ಕರೆ ಏರಿತು, ನಿದ್ದೆ ಹೋಯಿತು. ಹಸಿವೆಂದರೆ ಹಸಿವು. ಡಬ್ಬಿಯಲ್ಲಿಟ್ಟ ಶೇಂಗಾ ಒಂದೇ ಮಧ್ಯಾಹ್ನಕ್ಕೆ ಖಾಲಿ. "ಬಚ್ಚಿಡು ಅವ್ವಾ," ಎಂದು ತಾನೇ ಹೇಳಿ, ತಾನೇ ಹುಡುಕಿ ತಿನ್ನುವಳು. ಟಿಕೆಟ್ ಕಿಟಕಿಯಲ್ಲಿ ದಿನಾ ಕಾಣುವ ಪ್ರಯಾಣಿಕರು, "ಮೇಡಂ ಹೆಲ್ದಿ ಅಯ್ಯಾರು," ಮೈ ತುಂಬಿಕೊಂಡಿದ್ದೀರಿ ಅಂದರಂತೆ. ಅದನ್ನು ಮನೆಗೆ ಬಂದು ಅವರದೇ ದನಿಯಲ್ಲಿ ಆಡಿ ತೋರಿಸುವಳು.

ಏರಿಸುವುದು ಸುಲಭ, ಇಳಿಸುವುದೇ ಕೆಲಸ. ಗುಳಿಗೆ ತಿನ್ನುತ್ತ ತಿನ್ನುತ್ತ ಮೈ ತಾನೇ ಮಾಡಿಕೊಳ್ಳಬೇಕಾದ್ದನ್ನು ಮರೆತಿರುತ್ತದೆ, ಒಮ್ಮೆಲೇ ಬಿಟ್ಟರೆ ಜೀವಕ್ಕೆ ಬರುತ್ತದೆ ಎಂದು ಡಾಕ್ಟರು ಶರಣಕುಮಾರನಿಗೆ ಹೇಳಿ, ಅವನು ಅತ್ತೆಗೆ ಹೇಳಿದ್ದ. ಹದಿನೈದು ದಿನಕ್ಕೆ ಅರ್ಧ ಗುಳಿಗೆ ಕಡಿಮೆ. ಸೂಗಮ್ಮ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಪಕ್ಕ ಗುಳಿಗೆಯ ಚಿತ್ರ ಬರೆಯುವಳು, ಇಡಿಯದಕ್ಕೆ ದುಂಡು, ಅರ್ಧಕ್ಕೆ ಅರ್ಧಚಂದ್ರ. ಬ್ಲೇಡಿನಿಂದ ಕತ್ತರಿಸುವಾಗ ಉಸಿರು ಹಿಡಿಯುವಳು. ಸಣ್ಣ ತುಂಡು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಒಂದೇ ಸಮ ಇವೆಯೇ ನೋಡುವಳು.

ಎರಡನೆಯ ವರ್ಷದ ಶ್ರಾವಣ. ಸ್ನೇಹಲತಾಗೆ ಜ್ವರ ಬಂತು, ತಿಂದದ್ದು ನಿಲ್ಲಲಿಲ್ಲ. ಶರಣಕುಮಾರ ಅಂಗಡಿಯ ಮಾಲು ತರಲು ಪರವೂರಿಗೆ ಹೋಗಿದ್ದ. ಸೂಗಮ್ಮ ದವಾಖಾನೆಯ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿಸಿದಳು. ಆ ಕಡೆ ಒಬ್ಬ ಹುಡುಗಿ, ಗಡಿಬಿಡಿಯ ತೆಲುಗು, ಹಿಂದೆ ನೂರು ಜನರ ಗದ್ದಲ. ಏನೋ ಹೇಳಿದಳು, ಕೊನೆಗೆ ಒಂದು ಮಾತನ್ನು ಎರಡು ಸಲ ಅಂದಳು. "ಮಂದುಲು ಆಪೊದ್ದಮ್ಮಾ. ಆಪೊದ್ದು."

ಸೂಗಮ್ಮನಿಗೆ ಕೇಳಿಸಿದ್ದು ಒಪ್ಪೊತ್ತು.

ಅವಳಿಗೆ ಅನುಮಾನ ಬರಲಿಲ್ಲ. ಸಮಾಧಾನವೇ ಆಯಿತು. ಜ್ವರ ಬಂದಾಗ ಒಪ್ಪೊತ್ತು ಇರಬೇಕೆಂದು ಅವಳ ತಾಯಿಯೂ ಹೇಳುತ್ತಿದ್ದಳು. ಅದೂ ಶ್ರಾವಣ ಮಾಸ. ಇಷ್ಟು ದೊಡ್ಡ ಊರಿನ ದವಾಖಾನೆಯವರಿಗೂ ಅದು ತಿಳಿದಿದೆಯಲ್ಲ ಎಂದುಕೊಂಡಳು. ದಿನಕ್ಕೆ ಒಂದೇ ಹೊತ್ತು ಗಂಜಿ, ಒಂದೇ ಹೊತ್ತು ಗುಳಿಗೆ. ಮಧ್ಯಾಹ್ನದ್ದನ್ನು ಡಬ್ಬಿಯಲ್ಲೇ ಬಿಟ್ಟಳು.

ಮೂರನೆಯ ದಿನ ಸ್ನೇಹಲತಾ ಎಬ್ಬಿಸಿದರೆ ಏಳಲಿಲ್ಲ. ಕೈಕಾಲು ತಣ್ಣಗೆ, ನಾಡಿ ಸಿಗದು. ಓಣಿಯವರು ಆಟೋದಲ್ಲಿ ಹಾಕಿಕೊಂಡು ಓಡಿದರು. ಆಸ್ಪತ್ರೆಯಲ್ಲಿ ಎಲ್ಲರೂ ಒಂದೇ ಕೇಳಿದರು, ಗುಳಿಗೆ ನಿಲ್ಲಿಸಿದ್ದು ಯಾರು. ಬೀದರ ಕಡೆಯ ಒಬ್ಬ ನರ್ಸಮ್ಮನಿಗೆ ಮಾತ್ರ ಎರಡೂ ಭಾಷೆ ಬರುತ್ತಿತ್ತು. ಸೂಗಮ್ಮ ಹೇಳಿದ್ದನ್ನು ಪೂರ್ತಿ ಕೇಳಿದ ಅವಳು ಹಣೆ ಹಿಡಿದುಕೊಂಡಳು. "ಅವರು ಅಂದದ್ದು ಆಪೊದ್ದು ಅಂತ ಅಮ್ಮಾ. ನಿಲ್ಲಸಬ್ಯಾಡ್ರಿ ಅಂತ."

ಎಂಟು ದಿನಕ್ಕೆ ಸ್ನೇಹಲತಾ ಎದ್ದು ಕೂತಳು. ನೋಡಲು ಬಂದವರಿಗೆಲ್ಲ, "ನಮ್ಮವ್ವ ಗುಳಿಗಿಗೂ ಸೋಮವಾರ ಹಿಡಿಸಿದ್ಲು ನೋಡ್ರಿ," ಎಂದು ಹೇಳಿ ನಕ್ಕಳು. ಎಲ್ಲರೂ ನಕ್ಕರು. ಸೂಗಮ್ಮನೂ ನಕ್ಕಳು. ಅಂದಿನಿಂದ ಅವಳು ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಲಿಲ್ಲ. ಡಾಕ್ಟರಿಗೆ, ಔಷಧಿ ಅಂಗಡಿಯವನಿಗೆ, ಗ್ಯಾಸ್ ತಂದವನಿಗೆ, ತರಕಾರಿ ಗಾಡಿಯವನಿಗೆ, ಎಲ್ಲರಿಗೂ ಅವಳದೊಂದೇ ಮಾತು: "ಇನ್ನೊಮ್ಮೆ ಹೇಳ್ರಿ."

*

ಹಿರೇಮಠದ ಅಯ್ಯನವರು ಸ್ಕೂಟರಿನ ಹಿಂದೆ ಕೂತು ಬಂದರು. ಕಾಲು ತೊಳೆದುಕೊಂಡು ಒಳಗೆ ಬಂದು, ಹಸಿರು ಸೀರೆ ಉಡಿಸಿ ಜಳಕದ ಕುರ್ಚಿಯಲ್ಲೇ ಕೂಡಿಸಿದ್ದ ಸ್ನೇಹಲತಾಳನ್ನು ನೋಡಿದರು. ಯಮುನಾಬಾಯಿ ಅವಳಿಗೆ ಹಸಿರು ಬಳೆ ಇಡಿಸುತ್ತಿದ್ದಳು. ಹೊರಗೆ ಹೆಣ ಹೊರುವ ಬಿದಿರಿನ ವಿಮಾನ ಸಿದ್ಧವಾಗಿತ್ತು. ಚಕ್ಕಳಮಕ್ಕಳ ಕೂತವರಿಗೆ ಸರಿಯಾಗುವಷ್ಟು.

ಅಮರೇಶಪ್ಪ ಎಲ್ಲವನ್ನೂ ಹೇಳಿದ. ಸರಿಯಾಗಿಯೇ ಹೇಳಿದ, ತನ್ನ ಕಡೆಗೆ ಎಳೆದುಕೊಳ್ಳಲಿಲ್ಲ.

"ವಿಮಾನದಾಗ ಕುರ್ಚಿ ಹಿಡಿಯಂಗಿಲ್ರಿ," ಎಂದು ಮುಗಿಸಿದ. "ಅಲ್ಲಿ ಕುಣಿನೂ ತಗಸಾಕ ಹೇಳೇವಿ. ಅದೂ ಕೆಳಗ ಕೂಡೋ ಲೆಕ್ಕಕ್ಕ."

"ವಿಮಾನ ಬಿಚ್ಚಿ ಕಟ್ಟಬಹುದು," ಎಂದರು ಅಯ್ಯನವರು. "ಕೂಡೋದು ಮುಖ್ಯ. ಕುರ್ಚಿ ಮ್ಯಾಲೋ ಮಣ್ಣ ಮ್ಯಾಲೋ ಅಂತ ಲಿಂಗ ಕೇಳಂಗಿಲ್ಲ. ಆದ್ರ ಹಿರೇರು ನಡಸ್ಕೋತ ಬಂದದ್ದನ್ನ ಸುಮ್ಮ ಸುಮ್ಮನ ಬಿಡಬಾರ್ದು. ಹೋದಾಕಿ ತಾನ ಹೇಳಿದ್ರ ಮಾತು ಬ್ಯಾರೆ. ಆಗ ನಾನೂ ಮೀರಂಗಿಲ್ಲ, ನೀವೂ ಮೀರಂಗಿಲ್ಲ." ಸೂಗಮ್ಮನ ಕಡೆ ತಿರುಗಿದರು. "ಹೇಳ್ಯಾಳೇನವಾ ನಿನ್ನ ಮಗಳು?"

ಎಲ್ಲರೂ ಅವಳನ್ನು ನೋಡಿದರು. ಹೌದು ಎಂದರೆ ಮುಗಿಯಿತು. ಸೂಗಮ್ಮ ಬಾಯಿ ತೆರೆದಳು.

*

ರೋಗ ಪುಪ್ಪುಸಕ್ಕೂ ಇಳಿದು ಆರು ತಿಂಗಳಾಗಿತ್ತು. ಗುಳಿಗೆ ಮತ್ತೆ ಏರಿಸಿದ್ದರು. ಹತ್ತು ದಿನದ ಹಿಂದೆ ನೆಗಡಿ ಬಂದದ್ದು ನ್ಯುಮೋನಿಯಾ ಆಯಿತು. ಕೊನೆಯ ಮಧ್ಯಾಹ್ನ ಸ್ನೇಹಲತಾಳ ಬಾಯಿ ಮೂಗು ಮುಚ್ಚಿ ಮಾಸ್ಕ್ ಬಿಗಿದಿತ್ತು; ಯಂತ್ರ ಉಸಿರು ಊದುವ ಸದ್ದು ಒಂದೇ ಸಮ. ಒಂದು ಉಸಿರ ನಂತರ ಇನ್ನೊಂದು ಉಸಿರಿಗೆ ಅವಳು ಎಷ್ಟು ದೂರ ಹೋಗಿ ಬರುತ್ತಿದ್ದಳೆಂದು ಕತ್ತಿನ ಗುಳಿ ನೋಡಿದರೇ ತಿಳಿಯುತ್ತಿತ್ತು. ಸೂಗಮ್ಮ ಪಾದ ತಿಕ್ಕುತ್ತ ನಿಂತಿದ್ದಳು. ನರ್ಸ್ ಬಂದು, ಹಾಸಿಗೆ ಬದಲಿಸಲೆಂದು ಮಂಚದ ತಲೆಭಾಗವನ್ನು ಹಿಡಿಕೆ ತಿರುವಿ ಇಳಿಸತೊಡಗಿದಳು.

ಸ್ನೇಹಲತಾ ಕಣ್ಣು ತೆರೆದು ತಾಯಿಯನ್ನು ನೋಡಿದಳು. ಮಾಸ್ಕಿನ ಒಳಗೆ ಆವಿ ಕಟ್ಟಿತು.

"ಅವ್ವಾ. ಕೆಳಗ... ಬ್ಯಾಡ."

ಹಾಗೆ ಕೇಳಿಸಿತು. ಮಂಚ ಇಳಿಸಬೇಡ ಎಂದಿರಬಹುದು. ನರ್ಸಿಗೆ ಹೇಳು ಎಂದಿರಬಹುದು. ಮುಂದೆ ಬರಲಿರುವುದನ್ನೇ ನೆನೆದು ಹೇಳಿರಬಹುದು. ನಡುವೆ ಒಂದು ಶಬ್ದ ಯಂತ್ರದ ಸದ್ದಿನಲ್ಲಿ ಹೋಗಿಯೂ ಇರಬಹುದು. ಒಂಬತ್ತು ವರ್ಷದ ರೂಢಿಯ ಮಾತು ಸೂಗಮ್ಮನ ನಾಲಿಗೆಯ ತುದಿಗೆ ಬಂತು. ಇನ್ನೊಮ್ಮೆ ಹೇಳು. ಮಗಳ ಕತ್ತಿನ ಗುಳಿ ನೋಡಿದಳು. ಇನ್ನೊಮ್ಮೆ ಹೇಳಲು ಅವಳಿಗೆ ಎರಡು ಉಸಿರು ಬೇಕು.

ಸೂಗಮ್ಮ ಕೇಳಲಿಲ್ಲ. "ಹೂಂ," ಎಂದಳು.

*

"ಹೇಳವಾ," ಎಂದರು ಅಯ್ಯನವರು.

"ಗೊತ್ತಿಲ್ರಿ."

"ಏನು ಗೊತ್ತಿಲ್ಲ?"

"ಆಕಿ ಏನಂದ್ಲು ಅಂತ ನನಗ ಪಕ್ಕಾ ಗೊತ್ತಿಲ್ಲ. ಬಾಯಿಗೆ ಮಾಸ್ಕ್ ಇತ್ತು. ಒಮ್ಮೆ ಅಂದ್ಲು, ಇನ್ನೊಮ್ಮೆ ನಾ ಕೇಳಲಿಲ್ಲ." ಸೂಗಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸುವಂಥದ್ದು ಕೈಯಲ್ಲೇನೂ ಇರಲಿಲ್ಲ. "ನಾ ಹಿಂದ ಒಮ್ಮೆ ತಪ್ಪು ಕೇಳೀನಿ. ಈ ಮನ್ಯಾಗ ಎಲ್ಲಾರಿಗೂ ಗೊತ್ತೈತಿ. ಅದಕ್ಕ ಆಕಿ ಏನೂ ಅಂದಿಲ್ಲಂತನ ತಿಳೀರಿ. ನಾ ಅನ್ನಾಕತ್ತೀನಿ. ನನ್ನ ಮಗಳನ್ನ ಕೆಳಗ ಕೂಡಸಬ್ಯಾಡ್ರಿ."

ಹೊರಗೆ ಲೋಕಲ್ ರೈಲು ಹೋಯಿತು.

"ಅಣ್ಣ," ಎಂದ ಶರಣಕುಮಾರ. ಗಂಟಲು ಸರಿಮಾಡಿಕೊಂಡ. "ಅತ್ತಿ ಹೇಳಿದಂಗ ಆಗ್ಲಿ."

ಅಮರೇಶಪ್ಪ ತಮ್ಮನನ್ನು ಮೊದಲ ಸಲ ಕಂಡವನಂತೆ ನೋಡಿದ. ಆಮೇಲೆ ವಿಮಾನ ಕಟ್ಟಿದವರನ್ನು ಕರೆಯುತ್ತ ಹೊರಗೆ ಹೋದ. "ಏ, ಅದನ್ನ ಬಿಚ್ಚರಪಾ. ಮೊಳ ಎತ್ರ ಮಾಡ್ರಿ. ಬಿದಿರು ಸಾಲದಿದ್ರ ತರಸ್ತೀನಿ."

ಯಮುನಾಬಾಯಿ ಬಳೆ ಇಡಿಸುವುದನ್ನು ಮುಂದುವರಿಸಿದಳು. ಕೊನೆಯ ಬಳೆ ಮಣಿಕಟ್ಟು ದಾಟಿದ ಮೇಲೆ ಆ ಕೈಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಕೇಳಿದಳು.

"ಸೂಗಮ್ಮಾರ, ಅವತ್ತು ಮದುವ್ಯಾಗ... ಹಸಿವಿಲ್ಲದನ ಉಂಡ್ಲೇನು?"

"ಏಳಾಕ ಬರಲಿಲ್ಲ ಆಕಿಗೆ."

"ಮೊದಲನೆ ಪಂಗತಿಗೇ?"

"ಹೂಂ. ಆಮ್ಯಾಲ ತಿಂದದ್ದೆಲ್ಲ ಹಿತ್ತಲದಾಗ ಕಾರಿಕೊಂಡ್ಲು."

ಯಮುನಾಬಾಯಿ ತಲೆ ತಗ್ಗಿಸಿದಳು. "ಆ ಹೆಸರು ನಾನ ಇಟ್ಟಾಕಿ," ಎಂದಳು. ಆಮೇಲೆ ಎದ್ದು ತನ್ನ ಚೀಲದಿಂದ ಒಂದು ಹೊಸ ಸೀರೆ ತೆಗೆದು, ಬರೀ ಪ್ಲಾಸ್ಟಿಕ್ ಕುರ್ಚಿ ಚಂದ ಕಾಣುವುದಿಲ್ಲವೆಂದು, ಅದರ ಬೆನ್ನಿಗೆ ಸುತ್ತಿ ಗಂಟು ಹಾಕಿದಳು.

ಹೆಂಗಸರು ರುದ್ರಭೂಮಿಗೆ ಹೋಗುವುದು ಅವರ ಮನೆಯಲ್ಲಿ ರೂಢಿ ಇರಲಿಲ್ಲ. ಆದರೆ ಕಟ್ಟೆ ಎಷ್ಟು ಎತ್ತರ ಇರಬೇಕೆಂದು ಗೊತ್ತಿದ್ದವಳು ಸೂಗಮ್ಮ ಒಬ್ಬಳೇ. ಅವಳು ಗಾಡಿ ಹತ್ತಿದಾಗ ಯಾರೂ ಬೇಡ ಅನ್ನಲಿಲ್ಲ. ಶೀತಲ ಬಂದು ಪಕ್ಕದಲ್ಲಿ ಕೂತಳು. ದಾರಿಯುದ್ದಕ್ಕೂ ಭಜನೆಯವರ ತಾಳ ಕೇಳಿಸುತ್ತಿತ್ತು. ಸೂಗಮ್ಮ ಕಿಟಕಿಯಿಂದ ಅಂಗಡಿಗಳ ಹೆಸರು ಓದಲು ನೋಡಿದಳು. ಹನ್ನೊಂದು ವರ್ಷದಲ್ಲಿ ಕಲಿತ ತೆಲುಗು ಅಕ್ಷರಗಳು ಅಂದು ಒಂದೂ ಕೂಡಿ ಬರಲಿಲ್ಲ.

ಕುಣಿ ತೋಡುವ ಯಾದಗಿರಿ ಎಲ್ಲ ಮುಗಿಸಿ ಸಲಿಕೆಯ ಮೇಲೆ ಗದ್ದ ಊರಿ ನಿಂತಿದ್ದ. ಒಳಕ್ಕೆ ಮೂರು ಮೆಟ್ಟಿಲು, ಎದುರಿಗೆ ಕೂಡಿಸುವ ಗೂಡು. ಅಮರೇಶಪ್ಪ ಅರ್ಧ ಹಿಂದಿಯಲ್ಲಿ ಅರ್ಧ ಕೈಯಲ್ಲಿ ವಿವರಿಸಿದ. ಗೂಡನ್ನು ಮೇಲಕ್ಕೆ ಕೊರೆದು, ಒಳಗೆ ಮಣ್ಣು ಬಡಿದು ಕಟ್ಟೆ ಕಟ್ಟಬೇಕು. ಮೂವತ್ತು ವರ್ಷದಲ್ಲಿ ಯಾರೂ ಹೀಗೆ ಕೇಳಿಲ್ಲವೆಂದ ಯಾದಗಿರಿ. ಆಮೇಲೆ ಸೂಗಮ್ಮನನ್ನು ನೋಡಿ ದನಿ ಇಳಿಸಿದ.

"ಎಂತ ಎತ್ತು ಕಾವಾಲಮ್ಮಾ?"

ಎಷ್ಟು ಎತ್ತರ ಎಂದು. ಈ ಸಲ ಒಂದೇ ಸಲಕ್ಕೆ ತಿಳಿಯಿತು. ಆದರೂ ಅವಳು ಮತ್ತೆ ಹೇಳಿಸಿದಳು. ಆಮೇಲೆ ಸೀರೆಯ ಮೇಲಿನಿಂದಲೇ ತನ್ನ ಮೊಣಕಾಲಿಗೆ ಅಂಗೈ ಮುಟ್ಟಿಸಿ, ಅದರ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದಳು. ಅವನು ಸಲಿಕೆಯ ಹಿಡಿಕೆಯನ್ನು ಅವಳ ಪಕ್ಕ ನಿಲ್ಲಿಸಿ ಉಗುರಿನಿಂದ ಗೀರಿದ.

ಒಂದು ತಾಸು ಹಿಡಿಯಿತು. ಬಿಸಿಲಿಗೆ ಜನ ಬೇವಿನ ಮರದ ಕೆಳಗೆ ಸರಿದರು. ಕುರ್ಚಿಯಲ್ಲಿ ಕೂತ ಸ್ನೇಹಲತಾಳ ಮೇಲೆ ಯಾರೋ ಕೊಡೆ ಹಿಡಿದರು. ಕಟ್ಟೆಯಾದ ಮೇಲೆ ನಾಲ್ವರು ಇಳಿದು, ರಟ್ಟೆ ಮುಟ್ಟದೆ ಸೊಂಟದಲ್ಲೇ ಹಿಡಿದು, ಅವಳನ್ನು ಗೂಡಿನಲ್ಲಿ ಕೂಡಿಸಿದರು. ಬೆನ್ನು ಮಣ್ಣಿಗೆ ಆನಿತು. ಅಯ್ಯನವರು ಎಡಗೈಯಲ್ಲಿ ಲಿಂಗ ಇಟ್ಟು ಬೆರಳು ಮುಚ್ಚಿದರು. ಮೇಲೆ ಸುತ್ತ ನಿಂತವರ ಮುಷ್ಟಿಗಳಲ್ಲಿ ಬಿಲ್ವಪತ್ರಿ, ವಿಭೂತಿ.

"ಹಾಕ್ರಿ ಇನ್ನ," ಎಂದ ಅಮರೇಶಪ್ಪ.

"ತಡೀರಿ," ಎಂದಳು ಸೂಗಮ್ಮ.

ಎತ್ತರದ ಕಟ್ಟೆಯಿಂದ ಮಗಳ ಕಾಲು ಕೆಳಗೆ ಇಳಿಬಿದ್ದಿದ್ದವು. ಪಾದ ನೆಲಕ್ಕೆ ಮುಟ್ಟಿರಲಿಲ್ಲ. ಬದುಕಿದ್ದಾಗ ಅಂಚಿಗೆ ಸರಿದು ತಾನೇ ಮುಟ್ಟಿಸಿಕೊಳ್ಳುವಳು.

ಸೂಗಮ್ಮ ಸೆರಗು ಸಿಕ್ಕಿಸಿ ಮೂರು ಮೆಟ್ಟಿಲು ಇಳಿದಳು. ಯಾದಗಿರಿ ಕೈ ಚಾಚಿದ, ಅವಳು ಹಿಡಿಯಲಿಲ್ಲ. ಮೊಣಕಾಲೂರಿ ಕೂತು, ಗೋಡೆಯ ಹಸಿ ಮಣ್ಣು ಕೆದರಿ, ಬಲಪಾದದ ಕೆಳಗೆ ತುಂಬಿದಳು. ಅಂಗೈಯಿಂದ ಬಡಿದಳು. ಸಾಲಲಿಲ್ಲ, ಇನ್ನೊಂದು ಹಿಡಿ ತುಂಬಿದಳು. ಆಮೇಲೆ ಎಡಪಾದಕ್ಕೆ. ಹಿಮ್ಮಡಿಯ ಸುತ್ತ ಹೆಬ್ಬೆರಳಿನಿಂದ ಒತ್ತಿ ಸಂದು ಮುಚ್ಚಿದಳು. ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಣ್ಣಿನ ಮೇಲೆ ಇಟ್ಟಳು. ಎರಡೂ ಪಾದಗಳನ್ನು ಸ್ವಲ್ಪ ಹಿಂದಕ್ಕೆ, ಮೊಣಕಾಲಿನ ನೇರ ಕೆಳಗೆ ತಂದು, ನಡುವೆ ಒಂದು ಗೇಣು ಅಂತರ ಬಿಟ್ಟಳು, ಕೂತವರು ಏಳುವ ಮೊದಲು ಇಟ್ಟುಕೊಳ್ಳುವ ಹಾಗೆ.